ಎರಡನೆಯ ಹಸಿವು

ಇಂಪನಾಳ ಶಾಲೆಯ ಸ್ಕರ್ಟಿನ ಸೊಂಟಪಟ್ಟಿ ಬಿಚ್ಚಿ, ಇನ್ನೊಂದು ಮಡಿಕೆ ಒಳಕ್ಕೆ ತೆಗೆದುಕೊಂಡು ಹೊಲಿಗೆ ಹಾಕುತ್ತಿದ್ದೆ. ಅರ್ಧಕ್ಕೆ ಕುಕ್ಕರ್ ಕೂಗಿತು. ಮಷೀನಿನಿಂದ ಕಾಲು ತೆಗೆದು ಅಡುಗೆಮನೆಗೆ ಹೋಗಿ ಒಲೆ ಸಣ್ಣದು ಮಾಡಿದೆ. ಎದುರಿಗೇ ಗೋಡೆಯ ಗೂಡು. ಬೆಳಿಗ್ಗೆ ಇಟ್ಟಿದ್ದ ನನ್ನ ಹಸಿವು ಇಟ್ಟಲ್ಲೇ ಇತ್ತು. ಅದರ ಪಕ್ಕದಲ್ಲಿ ಅತ್ತೆಯದು, ಹಳೆಯ ಕಾಲದ್ದು, ಎತ್ತಲು ಎರಡೂ ಕೈ ಬೇಕು. ಮೂರನೆಯ ಜಾಗ ಖಾಲಿಯಿತ್ತು. ಮಗಳು ತನ್ನದನ್ನು ಎತ್ತಿಕೊಂಡಿದ್ದಾಳೆ, ಅಂದರೆ ಶಾಲೆಯಲ್ಲಿ ಡಬ್ಬಿ ಬಿಚ್ಚಿ ಊಟ ಮಾಡಿದ್ದಾಳೆ ಎಂದುಕೊಂಡು ವಾಪಸು ಬಂದು ಕೂತೆ. ಸ್ಕರ್ಟನ್ನು ಬೆಳಕಿಗೆ ಹಿಡಿದು ನೋಡಿದಾಗ ಕೈ ನಿಂತಿತು. ಹಿಂದೆ ಬಿಚ್ಚಿದ್ದ ಹೊಲಿಗೆಯ ತೂತುಗಳು ಸಾಲಾಗಿ ಕಾಣುತ್ತಿದ್ದವು, ಒಂದರ ಹಿಂದೊಂದು ಸಾಲು. ಬೆಳೆಯುವ ಹುಡುಗಿಯ ಬಟ್ಟೆಯನ್ನು ದೊಡ್ಡದು ಮಾಡುತ್ತಾರೆ. ನಾನು ಚಿಕ್ಕದು ಮಾಡುತ್ತಲೇ ಬಂದಿದ್ದೆ.

ನಮ್ಮೂರಿನ ಪ್ರತಿ ಅಡುಗೆಮನೆಯಲ್ಲೂ ಹಸಿವನ್ನು ಇಡಲೆಂದೇ ಗೂಡು ಇರುತ್ತದೆ. ಹೊಸ ಮನೆ ಕಟ್ಟಿಸುವವರು ಗಾರೆಯವನಿಗೆ ದೇವರ ಗೂಡಿಗಿಂತ ಮೊದಲು ಇದರ ಅಳತೆ ಹೇಳುತ್ತಾರೆ. ಪರೀಕ್ಷೆಗೆ ಹೊರಟವರು, ದೂರದ ಬಸ್ಸು ಹತ್ತುವವರು, ಉಪವಾಸದವರು ಹಸಿವನ್ನು ಇಟ್ಟು ಹೋಗಿ ಬಂದ ಮೇಲೆ ಎತ್ತಿಕೊಳ್ಳುತ್ತಾರೆ. ಛತ್ರಗಳಲ್ಲಿ ಬಡಿಸುವವರ ಹಸಿವಿಗೆಂದು ಉದ್ದನೆಯ ಕಟ್ಟೆಯಿದೆ. ಒಮ್ಮೆ ಸಂಗೀತದ ಮೇಷ್ಟ್ರು ಅವಸರದಲ್ಲಿ ಅಲ್ಲಿಂದ ಅಡುಗೆಯವನ ಹಸಿವನ್ನು ಎತ್ತಿಕೊಂಡು ಹೋಗಿ, ಕಛೇರಿಯ ನಡುವೆ ತಂಬೂರಿ ಕೆಳಗಿಟ್ಟು ಹೋಳಿಗೆಯ ಬುಟ್ಟಿಯನ್ನೇ ಎದುರಿಗಿಟ್ಟುಕೊಂಡು ಕೂತದ್ದನ್ನು ಇಂದಿಗೂ ಹೇಳಿಕೊಂಡು ನಗುತ್ತಾರೆ. ಹೆಂಗಸರಿಗೆ ಮಾತ್ರ ಇದು ದಿನದ ಅಭ್ಯಾಸ. ಒಲೆ ಹಚ್ಚುವ ಮೊದಲು ಇಡುವುದು, ಎಲ್ಲರ ಊಟವಾದ ಮೇಲೆ ಎತ್ತಿಕೊಂಡು ಉಳಿದದ್ದರ ಮುಂದೆ ಕೂರುವುದು. ಹುಡುಗಿ ದೊಡ್ಡವಳಾದ ವರ್ಷ ಮನೆಯ ಹಿರಿಯಳು ಅವಳಿಗೆ ಇಡುವುದನ್ನು ಕಲಿಸುತ್ತಾಳೆ. ಇಂಪನಾಗೆ ಕಲಿಸಿದವರು ನನ್ನ ಅತ್ತೆ ಹಾಲಮ್ಮ. "ನೋಡೇ ಮಂಗಳಾ, ಎಷ್ಟು ಹಗೂರಕ್ಕೆ ಇಡ್ತಾಳೆ! ನನಗೆ ಇದು ಬರೋಕೆ ಮದುವೆಯಾಗಿ ಎರಡು ಮಕ್ಕಳಾಗಬೇಕಾಯ್ತು" ಎಂದು ಅವರು ನನ್ನನ್ನು ಕರೆದು ತೋರಿಸಿ, ಆಮೇಲೆ ಕೇರಿಗೆಲ್ಲ ಹೇಳಿಕೊಂಡು ಬಂದಿದ್ದರು.

ಸಂಜೆ ಇಂಪನಾ ಬಂದಳು. ಬಿಸಿಲಿನ ದಿನಗಳು, ಆದರೂ ಸ್ವೆಟರ್ ಹಾಕಿಕೊಂಡಿದ್ದಳು. ಸ್ಕರ್ಟ್ ತೊಡಿಸಿ ನೋಡುವಾಗ ನನ್ನ ಬೆರಳು ತಗುಲಿದ್ದು ಸೊಂಟಕ್ಕಲ್ಲ, ಮೂಳೆಗೆ.

"ನಿನ್ನ ಹಸಿವೆಲ್ಲೇ?"

"ಇಟ್ಟಿದೀನಿ."

"ಗೂಡಲ್ಲಿಲ್ಲವಲ್ಲ?"

"ಬೇರೆ ಕಡೆ ಇಟ್ಟಿದೀನಿ." ಅವಳು ಕನ್ನಡಿಯ ಕಡೆ ತಿರುಗಿದಳು. "ಎಲ್ಲಿ ಅಂತ ಮರೆತುಹೋಯ್ತು. ಯಾವಾಗ್ಲೋ."

ಹಾಗೆ ಹೇಳುವಾಗ ಅವಳ ಮುಖದಲ್ಲಿ ಬಹುಮಾನ ತಂದ ಹುಡುಗಿಯ ಗೆಲುವಿತ್ತು.

ಹಸಿವು ಕಳೆದರೆ ಹುಡುಕಬೇಕು ಎಂಬುದಷ್ಟೇ ನಮಗೆ ಗೊತ್ತಿದ್ದದ್ದು. ನನ್ನ ಗಂಡ ಕೊಟ್ರೇಶಿ ಅಂಗಡಿಗಳಿಗೆ ಬೋರ್ಡು ಬರೆಯುವವರು. ಅರ್ಧ ಬರೆದ ಬೋರ್ಡನ್ನು ಏಣಿಯ ಮೇಲೆಯೇ ಬಿಟ್ಟು ಮನೆಗೆ ಬಂದು ಅಟ್ಟ ಹತ್ತಿದರು. ಅಕ್ಕಿಯ ಡಬ್ಬ, ಹಾಸಿಗೆಯ ಸುರುಳಿ, ಅವಳ ಪುಸ್ತಕಗಳ ಸಂದು, ಶಾಲೆಯ ಮೆಟ್ಟಿಲ ಕೆಳಗಿನ ಕತ್ತಲೆ, ಎಲ್ಲ ಕಡೆ ಹುಡುಕಿದೆವು. ಬಸ್‌ಸ್ಟ್ಯಾಂಡಿನಲ್ಲಿ ಮರೆತುಬಿಟ್ಟ ಹಸಿವುಗಳನ್ನು ಇಟ್ಟುಕೊಳ್ಳುವ ಕೋಣೆಗೂ ಹೋದೆವು. ಅಲ್ಲಿಯ ಗುಮಾಸ್ತ ಒಂದನ್ನು ಕೈಯಲ್ಲಿ ತೂಗಿ ನೋಡಿ, "ಇದು ಲಾರಿ ಡ್ರೈವರಂದು ಕಣಮ್ಮ, ಹುಡುಗೀರದು ಇಷ್ಟು ಭಾರ ಇರಲ್ಲ" ಎಂದ. ನಾವು ಹೀಗೆ ಊರೆಲ್ಲ ತಡಕುತ್ತಿದ್ದರೆ ಇಂಪನಾ ಜಗುಲಿಯ ಮೇಲೆ ಮಂಡಿ ಅಪ್ಪಿಕೊಂಡು ಕೂತು, ಬೇರೆ ಯಾರದೋ ಮನೆಯ ಗದ್ದಲವೆಂಬಂತೆ ನೋಡುತ್ತಿದ್ದಳು. ತಟ್ಟೆ ಮುಂದಿಟ್ಟರೆ, "ಹಸಿವಿಲ್ಲದೆ ಹೆಂಗಮ್ಮ ಉಣ್ಣಲಿ?" ಎನ್ನುತ್ತಿದ್ದಳು. ಹಸಿವಿಲ್ಲದೆ ಉಣ್ಣುವುದು ನಮ್ಮೂರಲ್ಲಿ ಕದ್ದು ತಿಂದಷ್ಟೇ ಕೆಟ್ಟದ್ದು.

ಕೊನೆಗೆ ಅತ್ತೆ ತಮ್ಮದೊಂದು ಉಪಾಯ ಮಾಡಿದರು. ಮೊಮ್ಮಗಳು ಮಧ್ಯಾಹ್ನ ಚಾಪೆಯ ಮೇಲೆ ಒರಗಿ ಕಣ್ಣು ಮುಚ್ಚಿದ್ದಾಗ, ಗೂಡಿನಿಂದ ತಮ್ಮ ಹಸಿವನ್ನು ಎರಡು ಕೈಯಲ್ಲಿ ತಂದು ಅವಳ ಹೊಟ್ಟೆಯ ಮೇಲೆ ಇಟ್ಟುಬಿಟ್ಟರು. ಬರಗಾಲ ಕಂಡ ಹಸಿವು ಅದು, ಗೆಡ್ಡೆಗೆಣಸು ಬೇಯಿಸಿ ತಿಂದ ಕಾಲದ್ದು. ಇಂಪನಾ ಚೀರಿಕೊಂಡು ಎದ್ದಳು. ನಾನು ಹೊಲಿಗೆ ಬಿಟ್ಟು ಓಡುವಷ್ಟರಲ್ಲಿ ಅಡುಗೆಮನೆಯಲ್ಲಿ ಕೂತು, ಅಳುತ್ತಾ, ಎರಡೂ ಕೈಯಲ್ಲಿ ತಣ್ಣನೆಯ ಮುದ್ದೆ ಮುರಿದು ಬಾಯಿಗೆ ತುಂಬಿಕೊಳ್ಳುತ್ತಿದ್ದಳು. ಅತ್ತೆ ಬಾಗಿಲಲ್ಲಿ ನಿಂತು, "ಉಣ್ಣು ನನ್ನವ್ವ, ಉಣ್ಣು" ಎನ್ನುತ್ತಿದ್ದರು. ಇನ್ನೊಬ್ಬರ ಅಳತೆಗೆ ಹೊಲಿದ ರವಿಕೆ ತೊಟ್ಟರೆ ಉಸಿರು ಕಟ್ಟುವುದಿಲ್ಲವೇ? ಅವಳಿಗೂ ಕಟ್ಟಿತು. ತಿಂದದ್ದನ್ನೆಲ್ಲ ಬಚ್ಚಲಲ್ಲಿ ಕಾರಿಕೊಂಡಳು. ಆ ಭಾರವನ್ನು ಮೈಮೇಲಿಂದ ಕಿತ್ತು ಅಂಗಳಕ್ಕೆ ಎಸೆದಳು. ಆಮೇಲೆ ಹಗುರವಾಗಿ, ದಾರ ಕಡಿದ ಗುಂಡಿಯಂತೆ, ನನ್ನ ಕಾಲ ಬಳಿ ಬಿದ್ದಳು.

ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು. ಎದೆಬಡಿತ ತೀರ ನಿಧಾನವಾಗಿದೆ, ಇನ್ನು ಸ್ವಲ್ಪ ತಡ ಮಾಡಿದ್ದರೆ ಹುಡುಗಿ ಕೈಬಿಟ್ಟು ಹೋಗುತ್ತಿದ್ದಳು ಎಂದರು. ಅವಳು ಕಣ್ಣು ಬಿಟ್ಟು, ನಾಡಿ ಒಂದು ಹದಕ್ಕೆ ಬಂದ ಮೇಲೆ ಡಾಕ್ಟರ್ ಶಮೀಮ್ ನಮ್ಮನ್ನೆಲ್ಲ ಕರೆಸಿದರು. ನಮ್ಮೂರಿನವರೇ, ನರೆತ ಕೂದಲು, ಎತ್ತರದ ಹೆಂಗಸು. ರೋಗಿಗಳ ಸಾಲು ಮುಗಿಯುವವರೆಗೆ ತಮ್ಮ ಹಸಿವನ್ನು ಮೇಜಿನ ಮೇಲೆ, ಸ್ಟೆತಾಸ್ಕೋಪಿನ ಪಕ್ಕದಲ್ಲಿ ಇಟ್ಟುಕೊಳ್ಳುವವರು.

"ಇದು ಯಾರ ತಪ್ಪು ಮೇಡಂ?" ಎಂದರು ನನ್ನ ಗಂಡ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು.

"ತಪ್ಪು ಹುಡುಕೋಕೆ ನನಗೆ ಪುರುಸೊತ್ತಿಲ್ಲ. ನಿಮಗೂ ಇಲ್ಲ. ಇದೊಂದು ಕಾಯಿಲೆ. ನಿಮ್ಮ ಮಗಳ ಮೇಲೆ ಸವಾರಿ ಮಾಡ್ತಿದೆ. ಅವಳ ಬಾಯಲ್ಲಿ ಮಾತಾಡುತ್ತೆ, ಅವಳ ಥರಾನೇ ಅಳುತ್ತೆ. ಅದನ್ನ ಇಳಿಸೋಕೆ ನನ್ನೊಬ್ಬಳ ಕೈಲಾಗಲ್ಲ. ನಾಲ್ಕು ಜನಾನೂ ಬೇಕು."

"ಹಸಿವು ಸಿಗೋವರೆಗೂ ಏನು ಮಾಡೋದು?" ಎಂದೆ.

"ಹುಡುಕೋದು ನಿಲ್ಲಿಸಿ. ಹಸಿವಿಲ್ಲದೇನೇ ಉಣ್ಣಲಿ."

ಅತ್ತೆ ಕುರ್ಚಿಯಿಂದ ಎದ್ದೇಬಿಟ್ಟರು. "ಅಲ್ಲ ತಾಯಿ, ಓದಿದೋರು ಆಡೋ ಮಾತಾ ಇದು? ಹಸಿವಿಲ್ಲದ ಬಾಯಿಗೆ ಅನ್ನ ಹಾಕೋದು ಅಂದ್ರೆ ಅನ್ನಕ್ಕೆ ಅವಮಾನ ಮಾಡಿದಂಗೆ."

"ಅಜ್ಜಿ, ಜ್ವರ ಬಂದಾಗ ಮಾತ್ರೆಗೆ ಹಸಿವಾಗೋವರೆಗೂ ಕಾಯ್ತೀರಾ?"

"ಮಾತ್ರೆ ಬೇರೆ."

"ಇವಳಿಗೆ ಮಾತ್ರೆನೂ ಅದೇ, ಟಾನಿಕ್ಕೂ ಅದೇ. ಮೂರು ಹೊತ್ತು ಅನ್ನ, ನಡುವೆ ಎರಡು ಸಲ ಏನಾದ್ರೂ. ಎಷ್ಟು, ಏನು ಅನ್ನೋದು ಸದ್ಯಕ್ಕೆ ಅವಳ ಕೈಯಲ್ಲಿ ಬೇಡ. ಅಪ್ಪ ಅಮ್ಮ ಹೇಳಿದ್ದೇ ಸರಿ." ಆಮೇಲೆ ನನ್ನ ಕಡೆ ತಿರುಗಿದರು. "ಇನ್ನೊಂದು. ಊಟದ ಹೊತ್ತಿಗೆ ಮನೇಲಿ ಯಾರ ಹಸಿವೂ ಗೂಡಲ್ಲಿರಬಾರದು. ಎಲ್ಲಾರೂ ಒಟ್ಟಿಗೆ ಕೂರಬೇಕು."

"ಹಂಗಾದ್ರೆ ಬಡಿಸೋರ್ಯಾರು?" ಎಂದೆ. ನಿಜವಾಗಿಯೂ ನನಗೆ ಆಗ ತೋಚಿದ್ದು ಅದೊಂದೇ.

ಡಾಕ್ಟರು ನನ್ನ ಗಂಡನನ್ನು ನೋಡಿದರು. ಅವರು ತಮ್ಮ ಬಣ್ಣ ಮೆತ್ತಿದ ಕೈಗಳನ್ನು ನೋಡಿಕೊಂಡರು.

ಮೊದಲ ಊಟ ಆಸ್ಪತ್ರೆಯಲ್ಲೇ, ಡಾಕ್ಟರ ಕಣ್ಣೆದುರಿಗೆ ಆಗಬೇಕಿತ್ತು. ಮಗಳಿಗೆ ಎಷ್ಟು ಬೇಕೆಂದು ನಿಮಗೆ ಅನಿಸುತ್ತದೋ ಅಷ್ಟು ಮಾಡಿಕೊಂಡು ಬನ್ನಿ ಎಂದಿದ್ದರು. ನಾನು ಮನೆಗೆ ಹೋಗಿ, ಮದುವೆಯಾದ ಮೇಲೆ ಮೊದಲ ಬಾರಿಗೆ ಹಸಿವನ್ನು ಇಡದೆ ಒಲೆ ಹಚ್ಚಿದೆ. ಒಗ್ಗರಣೆಗೆ ಸಾಸಿವೆ ಚಟಪಟ ಎಂದಾಗ ಬಾಯಲ್ಲಿ ನೀರೂರಿತು, ರೊಟ್ಟಿ ಉಬ್ಬಿದಾಗ ಹೊಟ್ಟೆ ಹಿಂಡಿತು. ಹೆಸರುಕಾಳು ಪಲ್ಯ ಬೆಂದಿದೆಯೋ ನೋಡುವ ನೆವದಲ್ಲಿ ಸೌಟಿನಲ್ಲಿ ತೆಗೆದುಕೊಂಡು ತಿಂದೆ. ಮತ್ತೆ ತಿಂದೆ. ನನ್ನ ಅಡುಗೆ ಇಷ್ಟು ರುಚಿಯೆಂದು ಅಲ್ಲಿಯವರೆಗೆ ನನಗೆ ಯಾರೂ ಹೇಳಿರಲಿಲ್ಲ.

ಕೋಣೆಯಲ್ಲಿ ಒಂದು ಮೇಜು, ಸುತ್ತ ನಾವು ನಾಲ್ವರು. ಗೋಡೆಯ ಪಕ್ಕ ಡಾಕ್ಟರು. ನನ್ನ ಗಂಡ ಕ್ಯಾರಿಯರ್ ಬಿಚ್ಚಿ, ಅಕ್ಷರ ಬರೆಯುವಷ್ಟೇ ಎಚ್ಚರದಿಂದ ಬಡಿಸಿದರು. ಎರಡು ರೊಟ್ಟಿ, ಪಲ್ಯ, ಶೇಂಗಾ ಚಟ್ನಿಪುಡಿಗೆ ತುಪ್ಪ, ಮೊಸರನ್ನ. ಇಂಪನಾ ತಟ್ಟೆಯನ್ನು ಹಾವು ನೋಡುವಂತೆ ನೋಡಿದಳು.

"ಅಪ್ಪಾಜಿ, ಅರ್ಧ ರೊಟ್ಟಿ ತಿಂತೀನಿ. ತುಪ್ಪ ಬೇಡ. ಪ್ಲೀಸ್ ಅಪ್ಪಾಜಿ."

ಆ ದನಿಗೆ ಕರಗದ ಕಲ್ಲಿಲ್ಲ. "ಆಯ್ತು ಬಿಡು, ಅರ್ಧಾನೇ ತಿನ್ನು ಕಂದಾ" ಎಂದರು ಇವರು. "ಪೂರ್ತಿ ತಿನ್ನಲೇಬೇಕು" ಎಂದೆ ನಾನು, ಅದೇ ಉಸಿರಿಗೆ. ಅವಳು ನಮ್ಮಿಬ್ಬರ ಮುಖವನ್ನು ನೋಡಿ ಕೈ ಹಿಂದಕ್ಕೆ ತೆಗೆದುಕೊಂಡಳು. ಅರ್ಧವೂ ಹೋಯಿತು.

"ಬಿರುಕು ಬಿಟ್ಟಿತು ನೋಡಿ" ಎಂದರು ಡಾಕ್ಟರು ಮೆಲ್ಲಗೆ. "ಅದಕ್ಕೆ ಅಷ್ಟು ಸಂದು ಸಾಕು. ಇಬ್ಬರೂ ಒಂದು ಮಾತಿಗೆ ಬನ್ನಿ."

ನಾವು ಕಿಟಕಿಯ ಬಳಿ ಹೋಗಿ ನಿಂತೆವು. "ಅಳ್ತಾಳೆ ಮಂಗಳಾ. ನನ್ನ ಕೈಲಾಗಲ್ಲ."

"ಅಳೋದು ಅವಳಲ್ಲಾರೀ, ಕಾಯಿಲೆ ಅಂದ್ರಲ್ಲ. ಅದು ಅತ್ತರೆ ಅಳಲಿ."

ಅವರು ಮೂಗು ಒರೆಸಿಕೊಂಡು ಬಂದು ಕೂತರು. "ಕೂಸೇ, ಎರಡು ರೊಟ್ಟಿ. ತುಪ್ಪದ ಸಮೇತ. ನೀನು ಉಣ್ಣೋವರೆಗೆ ಅಪ್ಪಾಜಿ ಇಲ್ಲಿಂದ ಏಳಲ್ಲ."

"ಅಮ್ಮನೂ ಏಳಲ್ಲ" ಎಂದೆ.

ಇಂಪನಾ ತಟ್ಟೆಯನ್ನು ನೂಕಿದಳು. ಅದು ಗೋಡೆಗೆ ಬಡಿದು ಸುತ್ತು ಹೊಡೆದು ಮಲಗಿತು. "ನೀವ್ಯಾರೂ ನನ್ನೋರಲ್ಲ! ನನ್ನ ಮೈಯ್ಯಿ, ನನ್ನ ಹೊಟ್ಟೆ! ನಿಮ್ಮನ್ನ ಕಂಡ್ರೆ ಅಸಹ್ಯ ಆಗುತ್ತೆ!" ಮೊಸರು ನನ್ನ ಸೀರೆಯ ಮೇಲೆ ಚೆಲ್ಲಿತ್ತು. ಇವರು ಇನ್ನೊಂದು ತಟ್ಟೆ ತೊಳೆದು ತಂದು ಮತ್ತೆ ಅಷ್ಟೇ ಬಡಿಸಿದರು. ನಾನು ನನ್ನ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡೆ. ಹೊಟ್ಟೆ ನಿಜವಾಗಿಯೂ ಹಸಿದಿತ್ತು.

ಅಷ್ಟರಲ್ಲಿ ಅತ್ತೆ ಬಾಯಿ ಬಿಟ್ಟರು. "ನಿಮ್ಮ ತಾತ ಮೊದಲ ಸಲ ಹೆಣ್ಣು ನೋಡೋಕೆ ಬಂದಾಗ ಮಂಡಕ್ಕಿ ಕೊಟ್ಟಿದ್ವಿ. ಅವ್ರು ನಾಚಿಕೊಂಡು ಒಂದೊಂದೇ ಕಾಳು ತಿಂತಾ ಕೂತ್ರು. ನಮ್ಮಪ್ಪ ಒಳಗೆ ಬಂದು, 'ಹುಡುಗ ಒಳ್ಳೆಯವನೇ, ಆದ್ರೆ ತಟ್ಟೆ ಖಾಲಿ ಆಗೋದ್ರೊಳಗೆ ಹುಡುಗಿಗೆ ವಯಸ್ಸಾಗುತ್ತೆ' ಅಂದ್ರು."

ಇಂಪನಾಳ ತುಟಿಯ ಒಂದು ಕೊನೆ ಅಲುಗಿತು. ಬಹಳ ದಿನದಿಂದ ಕಾಣದೆ ಹೋಗಿದ್ದ ಮಗಳು ಆ ಕೊನೆಯಲ್ಲಿ ಒಂದು ಗಳಿಗೆ ಇಣುಕಿ ಹೋದಳು. ನಾನು ರೊಟ್ಟಿಯ ಚೂರನ್ನು ಪಲ್ಯಕ್ಕೆ ಅದ್ದಿ ಅವಳ ಕೈಗಿಟ್ಟೆ. ಅವಳು ಅದನ್ನು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಕಲ್ಲು ಅಗಿಯುವಂತೆ ಅಗಿದಳು. ಅಡುಗೆ ತಣ್ಣಗಾಯಿತು. ಬಿಸಿಲು ಗೋಡೆಯಿಂದ ಇಳಿದು ನೆಲಕ್ಕೆ ಬಂತು. ಅವಳು ಸಾಕು ಎಂದಳು, ಡಾಕ್ಟರು ನಮ್ಮನ್ನು ನೋಡಿದರು. "ಇನ್ನೊಂದು ತುತ್ತು" ಎಂದೆವು ನಾನೂ ಇವರೂ, ಒಂದೇ ಗಂಟಲಲ್ಲಿ. ಅವಳು ಸಿಟ್ಟಿನಿಂದ ತಿಂದಳು. ತಟ್ಟೆ ಪೂರ್ತಿ ಖಾಲಿಯಾಗಲಿಲ್ಲ. ಆದರೆ ಅವಳು ಬೇಡವೆಂದ ಮೇಲಿನ ಆ ತುತ್ತು ಒಳಗೆ ಹೋಗಿತ್ತು, ಅಲ್ಲೇ ಉಳಿದಿತ್ತು. ಹೊರಗೆ ಬಂದ ಮೇಲೆ ನನ್ನ ಗಂಡ ಆಸ್ಪತ್ರೆಯ ಕಾರಿಡಾರಿನಲ್ಲಿ ಖಾಲಿ ಕ್ಯಾರಿಯರ್ ಅಪ್ಪಿಕೊಂಡು ಮಗುವಿನಂತೆ ಅತ್ತರು. ನಾನು ಅಳಲಿಲ್ಲ. ನನಗೆ ಕಾಳಗದಲ್ಲಿ ಒಂದು ಊರು ಗೆದ್ದಂತಾಗಿತ್ತು.

ಮನೆಗೆ ಬಂದ ಮೇಲೆ ಕಾಳಗ ದಿನವೂ ನಡೆಯಿತು. ಕೆಲವು ದಿನ ಸೋತೆವು. ಅವಳು ಅನ್ನವನ್ನು ಅಂಗಿಯ ತೋಳಿನೊಳಗೆ ತುರುಕಿಕೊಂಡಳು, ತಿಂದದ್ದು ಕರಗಲೆಂದು ಬಾಗಿಲು ಹಾಕಿಕೊಂಡು ನೆಗೆದು ನೆಗೆದು ದಣಿದಳು, ವಾರಗಟ್ಟಲೆ ನನ್ನೊಡನೆ ಮಾತು ಬಿಟ್ಟಳು. ಇವರು ಊಟದ ಹೊತ್ತಿಗೆ ಸರಿಯಾಗಿ ಏಣಿಯಿಂದ ಇಳಿದು ಬರುತ್ತಿದ್ದರು. ಊರಿನ ಅರ್ಧ ಅಂಗಡಿಗಳ ಹೆಸರು ಅರ್ಧಕ್ಕೇ ನಿಂತಿತ್ತು. "ಕೊಟ್ರೇಶಿ, ಸೌಟು ಹಿಡಿದ ಮೇಲೆ ನಿನ್ನ ಕುಂಚ ಮೂಲೆ ಸೇರ್ತಲ್ಲಪ್ಪ" ಎಂದು ಜನ ಛೇಡಿಸಿದರು. "ಕುಂಚ ಎಲ್ಲಿ ಹೋಗುತ್ತೆ? ಬಂದು ಉಂಡು ನೋಡು, ಆಮೇಲೆ ಮಾತಾಡು" ಎನ್ನುತ್ತಿದ್ದರು ಇವರು. ಹಸಿವಿಲ್ಲದ ಹುಡುಗಿಗೆ ಊಟ ಹಾಕುತ್ತಾರೆಂದು ಪಕ್ಕದ ಮನೆಯವರು ನಮ್ಮಲ್ಲಿ ನೀರು ಕುಡಿಯುವುದನ್ನೂ ನಿಲ್ಲಿಸಿದರು. ಅವರನ್ನು ಅತ್ತೆ ಕಾಂಪೌಂಡಿನ ಬಳಿಯೇ ತಡೆದು ನಿಲ್ಲಿಸಿ, "ಅನ್ನ ನಮ್ಮದು, ಕೂಸು ನಮ್ಮದು. ಅವಮಾನ ಆಗಿದ್ರೆ ಅನ್ನವೇ ಬಂದು ಹೇಳಲಿ" ಎಂದರು. ಡಾಕ್ಟರ ಎದುರು ತಾವೇ ಆಡಿದ್ದ ಮಾತು ಅವರಿಗೆ ಆಗ ನೆನಪಿದ್ದಂತಿರಲಿಲ್ಲ. ನಾವು ನೆನಪಿಸಲೂ ಇಲ್ಲ.

ಇಂಪನಾಳ ಕೆನ್ನೆಗೆ ನಿಧಾನವಾಗಿ ಬಣ್ಣ ಬಂತು. ಸ್ವೆಟರ್ ಪೆಟ್ಟಿಗೆ ಸೇರಿತು. ನಿಂತಿದ್ದ ಮುಟ್ಟು ಮತ್ತೆ ಶುರುವಾಯಿತು. ಹಸಿವು ಮಾತ್ರ ಇಲ್ಲ. ಔಷಧಿಯಂತೆ ಉಣ್ಣುತ್ತಿದ್ದಳು, ಉಂಡು ಎದ್ದು ಹೋಗುತ್ತಿದ್ದಳು.

ಒಂದು ದಿನ ನಾವು ಮಧ್ಯಾಹ್ನದ ಊಟಕ್ಕೆ ಅಣಿ ಮಾಡುತ್ತಿದ್ದೆವು. ಅತ್ತೆ ಹಸಿಮೆಣಸಿನಕಾಯಿ ಕುಟ್ಟುತ್ತಿದ್ದರು. ಇಂಪನಾ ಬಾಗಿಲಿಗೆ ಬಂದು ಹೊಟ್ಟೆ ಹಿಡಿದುಕೊಂಡು ನಿಂತಳು. ಮುಖ ಬಿಳುಚಿತ್ತು.

"ಅಮ್ಮಾ, ಏನೋ ಆಗ್ತಿದೆ. ಒಳಗೆ ಏನೋ ಕೆರೆದಂಗೆ. ಕಾಯಿಲೆ ಮತ್ತೆ ಬಂತಾ?"

ಅತ್ತೆ ಎದ್ದು ಅವಳ ಹೊಟ್ಟೆಯ ಮೇಲೆ ಅಂಗೈ ಇಟ್ಟರು. ಕಿವಿ ಆನಿಸಿದರು. ಆಮೇಲೆ ಆ ಮುದುಕಿ, ಮಂಡಿನೋವಿನ ಮುದುಕಿ, ಅಲ್ಲೇ ಒಂದು ಸುತ್ತು ತಿರುಗಿದರು. "ಮಂಗಳಾ, ಹುಟ್ಟೈತೆ ಕಣೇ! ಹೊಸದು! ಬೆಕ್ಕಿನ ಮರಿಯಷ್ಟೇ ಐತೆ. ಎಷ್ಟು ಬೆಚ್ಚಗೈತೆ ನೋಡು ಬಾ!"

ಕಳೆದುಹೋದ ಹಸಿವಿನ ಜಾಗದಲ್ಲಿ ಇನ್ನೊಂದು ಹುಟ್ಟಿದ್ದನ್ನು ನಮ್ಮೂರು ಅಲ್ಲಿಯವರೆಗೆ ಕಂಡಿರಲಿಲ್ಲ. ಇವರು ಏಣಿಯಿಂದ ಬಣ್ಣದ ಡಬ್ಬಿಯ ಸಮೇತ ಧುಮುಕಿ ಓಡಿ ಬಂದರು. ಬೀದಿಯುದ್ದಕ್ಕೂ ಕೆಂಪು ಹನಿಗಳು. ಸುದ್ದಿ ಕೇಳಿ ಕೇರಿಯ ಹೆಂಗಸರು ಬಾಣಂತಿ ನೋಡಲು ಬರುವವರಂತೆ ಸೆರಗಿನಲ್ಲಿ ಬೆಲ್ಲ, ಕೊಬ್ಬರಿ ಕಟ್ಟಿಕೊಂಡು ಬಂದರು. ಪಕ್ಕದ ಮನೆಯವರೂ ಬಂದರು, ನೀರೂ ಕುಡಿದರು. ಇಂಪನಾ ಎಲ್ಲರ ನಡುವೆ ಕೂತು, ನಾಚಿಕೆ ಬಿಟ್ಟು, ಬಿಸಿ ರೊಟ್ಟಿಯ ಮೇಲೆ ಖಾರ ಹಚ್ಚಿಕೊಂಡು ತಿನ್ನುತ್ತಿದ್ದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಖಾರಕ್ಕೋ ಏನೋ, ಯಾರೂ ಕೇಳಲಿಲ್ಲ. "ಅಮ್ಮಾ, ಇನ್ನೊಂದು ಹಾಕು" ಎಂದಳು. ಅಷ್ಟು ದಿನ ನಾವು ಹೇಳುತ್ತಿದ್ದ ಮಾತು ಅವಳ ಬಾಯಿಂದ ಬಂದಾಗ, ನಾನು ರೊಟ್ಟಿ ಹಾಕುವುದನ್ನೇ ಮರೆತು ನಿಂತೆ. ಇವರೇ ಬಂದು ಹಾಕಿದರು.

ಊಟವಾದ ಮೇಲೆ ಅತ್ತೆ ಗೂಡನ್ನು ಒರೆಸಿ, "ತಾ ತಾಯಿ, ಎಳೇದು, ಜೋಪಾನವಾಗಿ ಇಡೋಣ" ಎಂದರು.

"ಬೇಡ ಅಜ್ಜಿ, ನನ್ನ ಹತ್ರಾನೇ ಇರಲಿ" ಎಂದಳು ಇಂಪನಾ.

ಅತ್ತೆ ಒರೆಸುವ ಬಟ್ಟೆಯನ್ನು ಮಡಚಿಟ್ಟರು.

"ಈಗ ನಿಮ್ಮ ಸರದಿ. ಹಿಡಿದದ್ದು ಸಾಕು, ಬಿಡೋದನ್ನ ಕಲೀರಿ. ಒಂದೇ ಸಲ ಬೇಡ, ಸ್ವಲ್ಪ ಸ್ವಲ್ಪವೇ" ಎಂದರು ಡಾಕ್ಟರ್ ಶಮೀಮ್, ನಾವು ಸುದ್ದಿ ಹೇಳಲು ಆಸ್ಪತ್ರೆಗೆ ಹೋದಾಗ. ಮೊದಲು ತನಗೆಷ್ಟು ಬೇಕೋ ಅಷ್ಟನ್ನು ಅವಳೇ ಬಡಿಸಿಕೊಂಡಳು. ಆಮೇಲೆ ಸಂಜೆಯ ತಿಂಡಿ ನಾವಿಲ್ಲದೆ ಆಯಿತು. ಆಮೇಲೊಂದು ಭಾನುವಾರ, ಗೆಳತಿಯರೊಡನೆ ಕೆರೆಯ ನಡುಗಡ್ಡೆಗೆ ಹೋಗಿ ಸಂಜೆಗೆ ಬರುತ್ತೇನೆ ಎಂದಳು. ಬುತ್ತಿ ಗೆಳತಿಯ ಮನೆಯದು. ಏನು ಕಟ್ಟುತ್ತಾರೋ, ಎಷ್ಟು ಹೊತ್ತಿಗೆ ಬಿಚ್ಚುತ್ತಾರೋ, ಪಕ್ಕದಲ್ಲಿ ಯಾರು ಕೂರುತ್ತಾರೋ ನಮಗೆ ತಿಳಿಯದು. ಅವಳು ದೋಣಿ ಹತ್ತಿದ ಮೇಲೆ ಇವರು ಅಂಗಳದಲ್ಲಿ ಹೋಗಿ ಬಂದು ಮಾಡಿದರು. "ನಾನೊಂದು ಸಲ ಆ ಕಡೆ ಹೋಗಿ ನೋಡ್ಕೊಂಡು ಬರಲಾ? ದೂರದಿಂದ?"

"ಕೂತ್ಕೊಳ್ರೀ" ಎಂದೆ. ಆದರೆ ನಾನು ಅಂದು ಹೊಲಿದ ರವಿಕೆಗೆ ಎರಡೂ ಎಡತೋಳು ಕೂತಿದ್ದವು.

ಸೂರ್ಯ ಇಳಿಯುವ ಹೊತ್ತಿಗೆ ಗೇಟು ಸದ್ದಾಯಿತು. ಇಂಪನಾ ಒದ್ದೆ ಕೂದಲು, ಕೆಸರು ಕಾಲು, ಬಿಸಿಲಿಗೆ ಕೆಂಪಾದ ಮೂಗಿನೊಡನೆ ಬಂದಳು. ದೋಣಿ ವಾಲಿದ್ದು, ಯಾರದೋ ಚಪ್ಪಲಿ ತೇಲಿಹೋದದ್ದು, ತಾನು ಈಜಿ ತಂದದ್ದು, ಎಲ್ಲವನ್ನೂ ಒಂದೇ ಉಸಿರಿಗೆ, ಬೀದಿಗೆ ಕೇಳುವಷ್ಟು ಜೋರಾಗಿ ಹೇಳಿದಳು. ಊಟದ ಮಾತು ಮಾತ್ರ ಅದರಲ್ಲಿ ಎಲ್ಲೂ ಬರಲಿಲ್ಲ. ಇವರು ಅವಳ ಬೆನ್ನ ಹಿಂದೆ ನಿಂತು ಕೈಯನ್ನು ಬಾಯಿಗೆ ಒಯ್ದು ನನಗೆ ಸನ್ನೆ ಮಾಡುತ್ತಿದ್ದರು. ಅತ್ತೆ ಒಳಗಿನಿಂದ ಕೆಮ್ಮಿದರು, ಮತ್ತೆ ಕೆಮ್ಮಿದರು. ಏನು ತಿಂದೆ, ಎಷ್ಟು ತಿಂದೆ ಎಂಬ ಮಾತು ನನ್ನ ನಾಲಗೆಯ ತುದಿಯಲ್ಲಿ ಕೂತು ಒದ್ದಾಡುತ್ತಿತ್ತು. ಅವಳಿಗೂ ಅದು ಕಂಡಿರಬೇಕು. ಮಾತು ನಿಲ್ಲಿಸಿ, ತಲೆ ಒರೆಸಿಕೊಳ್ಳುತ್ತಿದ್ದ ಟವೆಲಿನ ಸಂದಿನಿಂದ ನನ್ನನ್ನೇ ನೋಡಿದಳು.

"ಚಪ್ಪಲಿ ಯಾರದೇ?" ಎಂದೆ.

ಅವಳ ಮುಖ ಅರಳಿತು. ಗೆಳತಿಯ ಹೆಸರು ಹೇಳಿ, ಅವಳು ಅತ್ತ ರೀತಿಯನ್ನು ಅಭಿನಯಿಸಿ ತೋರಿಸಿ, ನಗುತ್ತಾ ಬಚ್ಚಲಿಗೆ ಓಡಿದಳು. ನೀರಿನ ಸದ್ದಿನ ಜೊತೆ ಹಾಡು ಕೇಳಿತು.

ಇನ್ನು ಮುಂದೆ ಆ ಪ್ರಶ್ನೆಯನ್ನು ಕೇಳುವುದಿಲ್ಲ ಎಂದು ನಾನು ಅಲ್ಲೇ, ಆ ಹೊಸಿಲ ಮೇಲೇ ನಿಶ್ಚಯಿಸಿಕೊಂಡೆ. ಇವರಿಗೂ ಹೇಳಲಿಲ್ಲ, ಅತ್ತೆಗೂ ಹೇಳಲಿಲ್ಲ, ಡಾಕ್ಟರಿಗೂ ಹೇಳಲಿಲ್ಲ. ಆ ಭಾನುವಾರ ನಡುಗಡ್ಡೆಯಲ್ಲಿ ನನ್ನ ಮಗಳು ಏನು ಉಂಡಳು ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ.